ಹದಿನಾಲ್ಕು ಮಕ್ಕಳ ತಂದೆ ಹಾಕಿದ ಸಹಿ

ವೀಸಾ ಎಂಬ ಪದ ನಮ್ಮ ಮನೆಗಳಿಗೆ ಹೊಸದಲ್ಲ. ಗಲ್ಫಿಗೆ ಹೊರಟ ಮಗ, ಇಸ್ರೇಲಿನಲ್ಲಿ ವೃದ್ಧರ ಆರೈಕೆಗೆ ಹೋದ ಮಗಳು, ಕೆನಡಾದಲ್ಲಿ ಓದಲು ಅರ್ಜಿ ಹಾಕಿ ಕುಳಿತ ಮೊಮ್ಮಗ, ಇಂಥ ಒಬ್ಬರಾದರೂ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದೇ ಇರುತ್ತಾರೆ. ಪಾಸ್‌ಪೋರ್ಟಿನ ಒಂದು ಪುಟದ ಮೇಲೆ ಒಂದು ಮೊಹರು, ಅದರ ಕೆಳಗೆ ಯಾರೋ ಒಬ್ಬ ಅಧಿಕಾರಿಯ ಸಹಿ. ಅದು ಸಿಗದಿದ್ದರೆ ನಮಗಾಗುವ ನಷ್ಟ ಹೆಚ್ಚೆಂದರೆ ಒಂದು ಕೆಲಸ, ಒಂದು ವರ್ಷ, ಏಜೆಂಟರಿಗೆ ತೆತ್ತ ದುಡ್ಡು. 1940ರ ಜೂನ್ ತಿಂಗಳಲ್ಲಿ, ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ ಅದೇ ಮೊಹರಿಗಾಗಿ ಸಾಲು ನಿಂತ ಎಷ್ಟೋ ಮಂದಿಗೆ ಅದು ಪ್ರಾಣದ ಪ್ರಶ್ನೆಯಾಗಿತ್ತು. ಆ ಮೊಹರು ಯಾರ ಮೇಜಿನ ಮೇಲಿತ್ತೋ ಆ ಕಥೋಲಿಕ ಗೃಹಸ್ಥನ ಜೀವನವನ್ನು ಈ ವಾರ ನಿಮ್ಮ ಮುಂದಿಡುತ್ತಿದ್ದೇನೆ.

ಅವರ ಹೆಸರು ಅರಿಸ್ಟೀಡೆಸ್ ಡಿ ಸೋಜಾ ಮೆಂಡಿಸ್. ಹೆಸರು ಕೇಳಿದೊಡನೆ ನಮ್ಮ ಮಂಗಳೂರು ಕಡೆಯ ಯಾರೋ ಇರಬೇಕು ಅನ್ನಿಸುವುದು ಸಹಜ. ಗೋವಾದಿಂದ ಬಂದ ನಮ್ಮ ಪೂರ್ವಿಕರಿಗೆ ಈ ಉಪನಾಮಗಳನ್ನು ಕೊಟ್ಟ ಪೋರ್ಚುಗಲ್ ದೇಶವೇ ಅವರ ತಾಯ್ನಾಡು. ಆ ದೇಶದ ನಡುಭಾಗದಲ್ಲಿ, ವಿಸೆಯು ಪಟ್ಟಣಕ್ಕೆ ಸೇರಿದ ಸೀಮೆಯ ಕಬಾನಸ್ ದ ವಿರಿಯಾತೊ ಎಂಬ ಹಳ್ಳಿಯಲ್ಲಿ 1885ರ ಜುಲೈ 19ರಂದು ಅವರು ಹುಟ್ಟಿದರು. ಅವರದು ಅವಳಿ ಜನನ. ಜೊತೆಗೆ ಹುಟ್ಟಿದ ಅಣ್ಣ ಸೀಸರ್. ತಂದೆ ನ್ಯಾಯಾಧೀಶರು. ಹಳೆಯ ಜಮೀನುದಾರರ ಮನೆತನ, ದೈವಭಕ್ತಿಯ ಮನೆ. ಅವಳಿ ಸಹೋದರರಿಬ್ಬರೂ ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1907ರಲ್ಲಿ ಪದವಿ ಪಡೆದರು. ಇಬ್ಬರೂ ವಿದೇಶಾಂಗ ಸೇವೆ ಸೇರಿದರು. ಅಣ್ಣ ಒಮ್ಮೆ ಕೆಲಕಾಲ ವಿದೇಶಾಂಗ ಮಂತ್ರಿಯೂ ಆದರು. ತಮ್ಮ ಕಾನ್ಸಲ್ ಆಗಿಯೇ ಉಳಿದರು. ಪಾಸ್‌ಪೋರ್ಟು, ವೀಸಾ, ಹಡಗಿನ ಕಾಗದಪತ್ರ, ಹೊರನಾಡಿನಲ್ಲಿ ದುಡಿಯುವ ಸ್ವದೇಶದವರ ಜನನ ಮರಣದ ದಾಖಲೆ, ಇವೇ ಅವರ ದಿನನಿತ್ಯದ ಕೆಲಸ.

1908ರಲ್ಲಿ ಅವರು ತಮ್ಮ ಬಂಧುವೇ ಆದ ಆಂಜೆಲಿನಾ ಎಂಬವರನ್ನು ಮದುವೆಯಾದರು. ಹದಿನಾಲ್ಕು ಮಕ್ಕಳು! ಬ್ರಿಟಿಷ್ ಗಯಾನಾ, ಜಂಜಿಬಾರ್, ಬ್ರೆಜಿಲಿನ ಕುರಿಟಿಬಾ, ಅಮೆರಿಕದ ಸಾನ್ ಫ್ರಾನ್ಸಿಸ್ಕೊ, ಸ್ಪೇನಿನ ವೀಗೊ ಹೀಗೆ ವರ್ಗವಾದಲ್ಲೆಲ್ಲ ಈ ಕುಟುಂಬ ಹೋಯಿತು, ಹೋದಲ್ಲೆಲ್ಲ ಬೆಳೆಯಿತು. 1929ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿಗೆ ಮುಖ್ಯ ಕಾನ್ಸಲ್ ಆಗಿ ಬಂದಾಗ ಮಕ್ಕಳನ್ನೆಲ್ಲ ಒಂದೇ ಸಲ ಕೂರಿಸಿಕೊಂಡು ಹೋಗಲು ಬಸ್ಸಿನಂಥ ಒಂದು ಮೋಟಾರನ್ನೇ ಮಾಡಿಸಿಕೊಂಡರಂತೆ. ಮನೆಯಲ್ಲಿ ಸಂಗೀತವಿತ್ತು, ಅತಿಥಿಗಳಿದ್ದರು, ಸಾಲವೂ ಇತ್ತು. ಕೈ ಬಿಗಿಹಿಡಿದು ಖರ್ಚು ಮಾಡುವ ಗುಣ ಅವರಲ್ಲಿರಲಿಲ್ಲ. ಮೇಲಧಿಕಾರಿಗಳ ಜೊತೆ ತಕರಾರು ಅವರಿಗೆ ಹೊಸದೂ ಅಲ್ಲ. ಸಾನ್ ಫ್ರಾನ್ಸಿಸ್ಕೊದಲ್ಲಿ ಅಲ್ಲಿನ ಪೋರ್ಚುಗೀಸ್ ಸಮುದಾಯದ ಕೆಲವರೊಂದಿಗೆ ಬಹಿರಂಗವಾಗಿ ಜಗಳ ಕಟ್ಟಿಕೊಂಡು, 1923ರಲ್ಲಿ ಅಮೆರಿಕ ಸರ್ಕಾರವೇ ಅವರ ಮಾನ್ಯತೆಯನ್ನು ಹಿಂತೆಗೆದುಕೊಂಡಿತ್ತು. ಹೀಗೆ ಮುಂದೆ ನಡೆದದ್ದನ್ನು ಮಾಡಿದವರು ಒಬ್ಬ ಆದರ್ಶ ಸರ್ಕಾರಿ ನೌಕರರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1934ರಲ್ಲಿ ಆ ಮನೆಗೆ ಎರಡು ಸಾವು ಬಂದವು. ಲೂವೇನ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ್ದ, ಇಪ್ಪತ್ತೆರಡು ವರ್ಷದ ಮಗ ಮ್ಯಾನುಯೆಲ್ ತೀರಿಕೊಂಡ. ಹಸುಗೂಸಾಗಿದ್ದ ರಾಕೆಲಳೂ ಉಳಿಯಲಿಲ್ಲ. 1938ರಲ್ಲಿ ಬೋರ್ಡೋಗೆ ವರ್ಗವಾದಾಗ ಅವರಿಗೆ ಉಳಿದಿದ್ದವರು ಹನ್ನೆರಡು ಮಕ್ಕಳು.

ಮುಂದಿನದು ಅರ್ಥವಾಗಬೇಕಾದರೆ ಅಂದಿನ ಕಾನೂನನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಂದು ನಾವು ನಿರಾಶ್ರಿತ ಎನ್ನುವ ವ್ಯಕ್ತಿಗೆ ಅಂದು ಹೆಚ್ಚುಕಡಿಮೆ ಯಾವ ದೇಶದ ಕಾನೂನಿನಲ್ಲೂ ಗಟ್ಟಿಯಾದ ಸ್ಥಾನವಿರಲಿಲ್ಲ. ಮೊದಲ ಮಹಾಯುದ್ಧದ ನಂತರ ರಷ್ಯದಿಂದ ಓಡಿಬಂದು ಪೌರತ್ವ ಕಳೆದುಕೊಂಡವರಿಗಾಗಿ ನಾರ್ವೆಯ ನಾನ್ಸೆನ್ ಎಂಬವರು 1922ರಲ್ಲಿ ಒಂದು ಗುರುತುಪತ್ರವನ್ನು ಜಾರಿಗೆ ತಂದಿದ್ದರು. ನಾನ್ಸೆನ್ ಪಾಸ್‌ಪೋರ್ಟು ಎಂದೇ ಅದಕ್ಕೆ ಹೆಸರು. ಆದರೆ ಅದನ್ನು ತೋರಿಸಿದರೆ ಒಳಗೆ ಬಿಡಲೇಬೇಕೆಂಬ ಕಟ್ಟುಪಾಡು ಯಾವ ದೇಶಕ್ಕೂ ಇರಲಿಲ್ಲ. 1935ರಲ್ಲಿ ಜರ್ಮನಿ ತನ್ನ ಯೆಹೂದ್ಯರ ಪೌರತ್ವದ ಹಕ್ಕನ್ನು ಕಿತ್ತುಕೊಂಡಿತು. 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾಂ ಎಂಬಲ್ಲಿ 32 ದೇಶಗಳು ಸಭೆ ಸೇರಿ ಇವರನ್ನು ಯಾರು ತೆಗೆದುಕೊಳ್ಳಬೇಕೆಂದು ಚರ್ಚಿಸಿದವು. ಮರುಕಪಟ್ಟವರು ಬಹಳ. ದೊಡ್ಡ ಸಂಖ್ಯೆಯಲ್ಲಿ ಕರೆದುಕೊಳ್ಳುತ್ತೇವೆಂದು ಮುಂದೆ ಬಂದದ್ದು ಡೊಮಿನಿಕನ್ ಗಣರಾಜ್ಯ ಒಂದೇ.

ಯುದ್ಧ ಶುರುವಾದ ಮೇಲೆ ಫ್ರಾನ್ಸಿನಿಂದ ಹೊರಬೀಳುವ ದಾರಿ ಹೇಗಿತ್ತೆಂದರೆ, ಒಂದು ಬಾಗಿಲ ಬೀಗದ ಕೈ ಮುಂದಿನ ಬಾಗಿಲ ಹಿಂದೆ ಇಟ್ಟಂತೆ. ನೆಲದ ಮೇಲೆ ಉಳಿದಿದ್ದ ಮುಖ್ಯ ದಾರಿ ಸ್ಪೇನ್ ದಾಟಿ ಪೋರ್ಚುಗಲ್ಲಿನ ಲಿಸ್ಬನ್ ಬಂದರು ಸೇರುವುದು. ಸ್ಪೇನ್ ದಾಟಲು ಅನುಮತಿ ಬೇಕು. ಪೋರ್ಚುಗಲ್ಲಿನ ವೀಸಾ ತೋರಿಸಿದರೆ ಮಾತ್ರ ಆ ಅನುಮತಿ. ಪೋರ್ಚುಗಲ್ಲಿನ ವೀಸಾ ಬೇಕಾದರೆ ಅಲ್ಲಿಂದಾಚೆಗೆ ಹೋಗುವ ದೇಶದ ವೀಸಾ ಬೇಕು, ಹಡಗಿನ ಟಿಕೆಟು ಬೇಕು. ಅಮೆರಿಕಕ್ಕೆ ಹೋಗೋಣವೆಂದರೆ 1924ರ ಕಾನೂನಿನ ಪ್ರಕಾರ ಹುಟ್ಟಿದ ದೇಶವಾರು ವರ್ಷಕ್ಕೆ ಇಷ್ಟೇ ಮಂದಿ ಎಂಬ ಕೋಟಾ. ಮೇಲೆ, ಈ ಮನುಷ್ಯ ನಮ್ಮ ಸರ್ಕಾರಕ್ಕೆ ಹೊರೆಯಾಗುವುದಿಲ್ಲವೆಂದು ಅಲ್ಲಿನವರು ಯಾರಾದರೂ ಜಾಮೀನು ಪತ್ರ ಬರೆದುಕೊಡಬೇಕು. ಇಷ್ಟನ್ನೂ ಹೊಂದಿಸಿಕೊಳ್ಳುವಷ್ಟರಲ್ಲಿ ಮೊದಲು ಸಿಕ್ಕಿದ ಕಾಗದದ ಅವಧಿಯೇ ಮುಗಿದುಹೋಗುತ್ತಿತ್ತು.

ಪೋರ್ಚುಗಲ್ಲನ್ನು ಆಗ ಆಳುತ್ತಿದ್ದವರು ಆಂಟೋನಿಯೊ ಸಲಾಜಾರ್. ನಮ್ಮ ಹಿರಿಯರಿಗೆ ಈ ಹೆಸರು ಗೊತ್ತು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಒಳಹೋಗುವವರೆಗೆ ಗೋವಾವನ್ನು ಬಿಟ್ಟುಕೊಡದಿದ್ದವರು ಇವರೇ. ಸೋಜಾ ಮೆಂಡಿಸರ ಹಳ್ಳಿಗೂ ಸಲಾಜಾರರ ಹಳ್ಳಿಗೂ ಹೆಚ್ಚು ದೂರವಿಲ್ಲ. ಇಬ್ಬರೂ ಕೊಯಿಂಬ್ರಾದಲ್ಲಿ ಕಾನೂನು ಓದಿದವರು, ಇಬ್ಬರೂ ಪೂಜೆಗೆ ಹೋಗುವ ಕಥೋಲಿಕರು. ಸಲಾಜಾರ್ ಬಾಲ್ಯದಲ್ಲಿ ಗುರುಮಠದಲ್ಲಿ ಓದಿದವರು ಕೂಡ. ಯುದ್ಧದಲ್ಲಿ ತಮ್ಮ ಸಣ್ಣ ದೇಶ ಯಾರ ಪಕ್ಷವನ್ನೂ ವಹಿಸಬಾರದು, ಜರ್ಮನಿಯನ್ನಾಗಲಿ ಪಕ್ಕದ ಸ್ಪೇನನ್ನಾಗಲಿ ಕೆಣಕಬಾರದು ಎಂಬುದು ಅವರ ಲೆಕ್ಕ. ಒಂದು ದೇಶವನ್ನು ಯುದ್ಧದಿಂದ ದೂರವಿಡುವ ಹೊಣೆ ಹೊತ್ತವರ ಭಯವನ್ನು ನಾವು ಹಗುರವಾಗಿ ನೋಡಬೇಕಿಲ್ಲ. ಆದರೆ ಆ ಭಯ ಒಂದು ಸುತ್ತೋಲೆಯ ರೂಪ ತಾಳಿತು.

1939ರ ನವೆಂಬರ್ 11ರಂದು ಹೊರಟ ಆ 14ನೇ ನಂಬರಿನ ಸುತ್ತೋಲೆ ಎಲ್ಲ ಕಾನ್ಸಲರಿಗೂ ತಲುಪಿತು. ಕೆಲವು ಬಗೆಯ ಜನರಿಗೆ ಲಿಸ್ಬನ್ನಿನ ವಿದೇಶಾಂಗ ಇಲಾಖೆಯನ್ನು ಮೊದಲು ಕೇಳದೆ ವೀಸಾ ಕೊಡಕೂಡದು ಎಂದು ಅದರ ಆದೇಶ. ಯಾವ ಬಗೆಯ ಜನ? ಯಾವ ದೇಶದವರೆಂದು ಖಚಿತವಾಗಿ ಹೇಳಲಾಗದವರು, ದೇಶವೇ ಇಲ್ಲದವರು, ರಷ್ಯನ್ನರು, ನಾನ್ಸೆನ್ ಪಾಸ್‌ಪೋರ್ಟು ಹಿಡಿದವರು, ಬಂದ ದೇಶಕ್ಕೆ ನಿರ್ಭಯವಾಗಿ ಮರಳಲಾರದವರು, ತಮ್ಮ ದೇಶದಿಂದ ಹೊರದೂಡಲ್ಪಟ್ಟ ಯೆಹೂದ್ಯರು, ಮುಂದಿನ ದೇಶದ ವೀಸಾ ಹಡಗಿನ ಟಿಕೆಟು ಇಲ್ಲದವರು. ಓದುಗರೇ, ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಯಾರಿಗೆ ಆಶ್ರಯ ಅತ್ಯಗತ್ಯವೋ ಅವರನ್ನೇ ಹುಡುಕಿ ಹುಡುಕಿ ಬರೆದಂತಿದೆ. ಬಂದ ದೇಶಕ್ಕೆ ಮರಳಿದರೆ ಪ್ರಾಣಕ್ಕೆ ಅಪಾಯ ಎಂಬುದು ಇಂದು ಆಶ್ರಯ ಕೇಳಲು ಇರುವ ಮುಖ್ಯ ಕಾರಣ. ಅಂದು ಅದೇ ಬಾಗಿಲು ಮುಚ್ಚಲು ಕಾರಣವಾಗಿತ್ತು.

ಸೋಜಾ ಮೆಂಡಿಸ್ ಈ ಸುತ್ತೋಲೆಯನ್ನು ಮೀರಲು 1940ರ ಜೂನ್ ತನಕ ಕಾಯಲಿಲ್ಲ. ಸುತ್ತೋಲೆ ಬಂದ ತಿಂಗಳಲ್ಲೇ ವಿಯೆನ್ನಾ ಕಡೆಯ ಒಬ್ಬ ಯೆಹೂದ್ಯ ವಿದ್ವಾಂಸರಿಗೆ ವೀಸಾ ಕೊಟ್ಟು ಆಮೇಲೆ ವರದಿ ಕಳಿಸಿದರು. ಸ್ಪೇನಿನ ಒಬ್ಬ ದೇಶಭ್ರಷ್ಟ ವೈದ್ಯರಿಗೂ ಹಾಗೆಯೇ ಮಾಡಿದರು. ಇನ್ನೊಮ್ಮೆ ಹೀಗಾದರೆ ಶಿಸ್ತುಕ್ರಮ ಎಂದು ಲಿಸ್ಬನ್ನಿನಿಂದ ಎಚ್ಚರಿಕೆ ಬಂತು. ಅಂದರೆ ಮುಂದೆ ತಾವು ಮಾಡಿದ್ದಕ್ಕೆ ಎಂಥ ಬೆಲೆ ತೆರಬೇಕಾದೀತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1940ರ ಮೇ 10ರಂದು ಜರ್ಮನ್ ಸೇನೆ ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್, ಫ್ರಾನ್ಸ್‌ಗಳ ಮೇಲೆ ನುಗ್ಗಿತು. ಜೂನ್ 14ರಂದು ಪ್ಯಾರಿಸ್ ಬಿತ್ತು. ಫ್ರೆಂಚ್ ಸರ್ಕಾರವೇ ಬೋರ್ಡೋಗೆ ಓಡಿಬಂತು, ಅದರ ಹಿಂದೆಯೇ ಲಕ್ಷಾಂತರ ಜನ. ಕಾರಿನ ಮೇಲೆ ಹಾಸಿಗೆ ಕಟ್ಟಿಕೊಂಡು, ಸೈಕಲ್ ತಳ್ಳಿಕೊಂಡು, ಕೂಸನ್ನು ಎತ್ತಿಕೊಂಡು ಬಂದವರು. ನದಿಯ ದಂಡೆಯಲ್ಲಿದ್ದ ಪೋರ್ಚುಗಲ್ ಕಾನ್ಸಲ್ ಕಚೇರಿಯ ಮುಂದೆ ಹಗಲೂ ರಾತ್ರಿ ಸಾಲು. ಕಚೇರಿಯೂ ಕಾನ್ಸಲರ ವಾಸವೂ ಒಂದೇ ಕಟ್ಟಡದಲ್ಲಿತ್ತು. ಹೆಚ್ಚಿನ ಮಕ್ಕಳನ್ನು ಊರಿಗೆ ಕಳಿಸಿದ್ದರು. ಹೆಂಡತಿ ಮತ್ತು ಇಬ್ಬರು ಬೆಳೆದ ಗಂಡುಮಕ್ಕಳು ಜೊತೆಗಿದ್ದರು. ಮುದುಕರು, ಬಸುರಿಯರು, ಕಾಯಿಲೆಯವರು ಮೆಟ್ಟಿಲ ಮೇಲೆ, ಕುರ್ಚಿಯ ಮೇಲೆ, ನೆಲಹಾಸಿನ ಮೇಲೆ ಮಲಗುತ್ತಿದ್ದರು. ಅವರಿಗೆ ಅಡಿಗೆ ಮಾಡಿ ಬಡಿಸಿ ಉಪಚರಿಸಿದವರು ಆಂಜೆಲಿನಾ. ಇತಿಹಾಸದ ಪುಸ್ತಕಗಳು ಆಕೆಗೆ ಕೊಡುವುದು ಒಂದೆರಡು ಸಾಲು. ಕುಟುಂಬದ ಪುಟದಲ್ಲಿ ನಾವು ಅಷ್ಟಕ್ಕೇ ಮುಗಿಸಬಾರದು. ಗಂಡನ ಕೆಲಸಕ್ಕೆ ಕುತ್ತು ಬರುತ್ತದೆಂದು ಬಲ್ಲ ಗೃಹಿಣಿ ಅಡಿಗೆಮನೆಯ ಬಾಗಿಲನ್ನು ಮುಚ್ಚಿಬಿಡಬಹುದಿತ್ತು. ಆಕೆ ಮುಚ್ಚಲಿಲ್ಲ.

ಆ ಜನಸಂದಣಿಯಲ್ಲಿ ಸೋಜಾ ಮೆಂಡಿಸರಿಗೆ ಪರಿಚಯವಾದವರು ಹಾಯಿಮ್ ಕ್ರೂಗರ್ ಎಂಬ ರಬ್ಬಿ. ಪೋಲೆಂಡ್ ಮೂಲದವರು, ಬೆಲ್ಜಿಯಂನಿಂದ ಹೆಂಡತಿ ಮತ್ತು ಐದು ಮಕ್ಕಳೊಂದಿಗೆ ಓಡಿಬಂದವರು. ಕಾನ್ಸಲರು ಈ ಕುಟುಂಬವನ್ನು ತಮ್ಮ ಮನೆಗೇ ಕರೆದು ಇಳಿಸಿಕೊಂಡರು. ಅವರಿಗೆ ವೀಸಾ ಕೊಡಬಹುದೇ ಎಂದು ಲಿಸ್ಬನ್ನಿಗೆ ತಂತಿ ಕಳಿಸಿದರು. ಕೂಡದು ಎಂದು ಉತ್ತರ. ಹಾಗಿದ್ದರೂ ನಿಮಗೂ ನಿಮ್ಮ ಕುಟುಂಬಕ್ಕೂ ಕೊಡುತ್ತೇನೆ ಎಂದರು ಕಾನ್ಸಲರು. ರಬ್ಬಿ ಒಪ್ಪಲಿಲ್ಲ. ಹೊರಗೆ ಬೀದಿಯಲ್ಲಿರುವ ತಮ್ಮವರನ್ನೆಲ್ಲ ಬಿಟ್ಟು ತಾವೊಬ್ಬರೇ ದಾಟಲಾರೆವೆಂದು ತಿಳಿಸಿದರು. ಸೋಜಾ ಮೆಂಡಿಸರ ಬದುಕು ತಿರುಗಿದ್ದು ಇಲ್ಲಿ. ಒಬ್ಬರಿಗೆ ಕೊಟ್ಟು ಮನಸ್ಸಾಕ್ಷಿಯನ್ನು ಸಮಾಧಾನಪಡಿಸಿಕೊಳ್ಳುವ ಸುಲಭದ ದಾರಿಯನ್ನು ಆ ಅತಿಥಿಯೇ ಮುಚ್ಚಿಬಿಟ್ಟರು.

ಕಾನ್ಸಲರು ಹಾಸಿಗೆ ಹಿಡಿದರು. ಸುಮಾರು ಮೂರು ದಿನ ಕೋಣೆಯಿಂದ ಹೊರಬರಲಿಲ್ಲ. ಜ್ವರವೋ ಮನಸ್ಸಿನ ಬೇಗುದಿಯೋ ಮನೆಯವರಿಗೂ ತಿಳಿಯಲಿಲ್ಲ. ವಯಸ್ಸು ಐವತ್ತೈದರ ಹತ್ತಿರ. ಮೂವತ್ತು ವರ್ಷದ ಸೇವೆ. ಊರಲ್ಲಿ ಓದುತ್ತಿರುವ, ಮದುವೆಯಾಗಬೇಕಾದ ಮಕ್ಕಳು. ಮನೆಯ ಮೇಲೆ ಸಾಲ. ಒಬ್ಬ ತಂದೆಗೆ ತನ್ನ ಮಕ್ಕಳ ಅನ್ನವನ್ನು ಇತರರ ಮಕ್ಕಳ ಪ್ರಾಣಕ್ಕಾಗಿ ಪಣಕ್ಕಿಡುವ ಹಕ್ಕಿದೆಯೇ? ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಬಲ್ಲವರನ್ನು ಕಂಡರೆ ನನಗೆ ಸಂಶಯ. ಅವರಿಗೂ ಮೂರು ದಿನ ಬೇಕಾಯಿತು.

ಜೂನ್ 17ರಂದು ಎದ್ದು, ಮುಖಕ್ಷೌರ ಮಾಡಿಕೊಂಡು, ಬಟ್ಟೆ ತೊಟ್ಟು ಕಚೇರಿಯ ಬಾಗಿಲು ತೆರೆದರು. ಇನ್ನು ಮುಂದೆ ದೇಶ, ಜನಾಂಗ, ಧರ್ಮ ಯಾವುದನ್ನೂ ಕೇಳದೆ ಎಲ್ಲರಿಗೂ ವೀಸಾ ಕೊಡುವುದಾಗಿ ಗಟ್ಟಿಯಾಗಿ ಸಾರಿದರು. ಮನುಷ್ಯರ ಆಜ್ಞೆಗಾಗಿ ದೇವರನ್ನು ಎದುರುಹಾಕಿಕೊಳ್ಳುವುದಕ್ಕಿಂತ ದೇವರೊಡನೆ ನಿಂತು ಮನುಷ್ಯರನ್ನು ಎದುರುಹಾಕಿಕೊಳ್ಳುವುದೇ ತಮಗಿರುವ ದಾರಿ ಎಂಬ ಅರ್ಥದ ಮಾತನ್ನು ಆಡಿದರೆಂದು ಮನೆಯವರು ನೆನಪಿಟ್ಟುಕೊಂಡಿದ್ದಾರೆ.

ಆಮೇಲೆ ಆ ಕಚೇರಿ ಒಂದು ಕಾರ್ಖಾನೆಯಂತೆ ಕೆಲಸ ಮಾಡಿತು. ರಬ್ಬಿ ಕ್ರೂಗರ್ ಬೀದಿಗಿಳಿದು ಪಾಸ್‌ಪೋರ್ಟುಗಳನ್ನು ಕಟ್ಟುಕಟ್ಟಾಗಿ ಒಳಗೆ ತರುವರು. ಒಬ್ಬರು ಮೊಹರು ಒತ್ತುವರು, ಕಾನ್ಸಲರು ಸಹಿ ಹಾಕುವರು, ಕಾರ್ಯದರ್ಶಿ ಸೆಯಾಬ್ರಾ ಪುಸ್ತಕದಲ್ಲಿ ಬರೆದುಕೊಳ್ಳುವರು. ಗಂಡುಮಕ್ಕಳಿಬ್ಬರೂ ಕೈಜೋಡಿಸಿದರು. ಮೊದಲು ಪೂರ್ತಿ ಇದ್ದ ಸಹಿ ಸಮಯ ಉಳಿಸಲು ಮೆಂಡಿಸ್ ಎಂಬ ಒಂದೇ ಪದಕ್ಕಿಳಿಯಿತು. ಶುಲ್ಕ ತೆಗೆದುಕೊಳ್ಳುವುದು ನಿಂತಿತು, ಪುಸ್ತಕದಲ್ಲಿ ಬರೆಯುವುದೂ ಬರಬರುತ್ತ ಹಿಂದೆ ಬಿತ್ತು. ಆ ಸಾಲಿನಲ್ಲಿ ಬಡವ ಬಲ್ಲಿದ ಎಂಬ ಭೇದವಿರಲಿಲ್ಲ. ಮುಂದೆ 2004ರಲ್ಲಿ ಧರ್ಮಸಭೆ ಧನ್ಯರ ಸಾಲಿಗೆ ಸೇರಿಸಿದ ಆಸ್ಟ್ರಿಯದ ಚಕ್ರವರ್ತಿ ಕಾರ್ಲ್ ಅವರ ವಿಧವೆ ಜೀತಾ, ಮಗ ಒಟ್ಟೊ ಮತ್ತು ಅವರ ಪರಿವಾರಕ್ಕೆ ಸಿಕ್ಕಿದ್ದೂ ಇದೇ ಮೊಹರು. ಒಂದು ಕಾಲದ ಸಾಮ್ರಾಜ್ಞಿಯೂ ಕೈಯಲ್ಲಿ ಸರಿಯಾದ ಕಾಗದವಿಲ್ಲದಿದ್ದರೆ ಗಡಿಯಲ್ಲಿ ನಿಲ್ಲಬೇಕಾದವರೇ.

ಜೂನ್ 20ರಂದು ಅವರು ಸ್ಪೇನಿನ ಗಡಿಯ ಹತ್ತಿರದ ಬಯೋನ್ ಪಟ್ಟಣಕ್ಕೆ ಹೋದರು. ಅಲ್ಲಿನ ಪೋರ್ಚುಗೀಸ್ ಕಾನ್ಸಲ್ ಸುತ್ತೋಲೆಯನ್ನು ಅಕ್ಷರಶಃ ಪಾಲಿಸುತ್ತ ಜನರನ್ನು ಹಿಂದಕ್ಕೆ ಕಳಿಸುತ್ತಿದ್ದರು. ಆ ಕಚೇರಿ ಬೋರ್ಡೋದ ಅಧೀನದ್ದು. ಮೇಲಧಿಕಾರಿ ನಾನೇ ಎಂದು ಸೋಜಾ ಮೆಂಡಿಸ್ ಅಲ್ಲೇ ಮೇಜು ಹಾಕಿಸಿಕೊಂಡು ಸಹಿ ಮಾಡತೊಡಗಿದರು. ತುಲೂಸ್ ನಗರದ ಉಪಕಾನ್ಸಲರಿಗೂ ಫೋನಿನಲ್ಲೇ ಅನುಮತಿ ಕೊಟ್ಟರು. ಗಡಿಗೆ ಅಂಟಿಕೊಂಡ ಹೆಂಡಾಯ್ ಊರಿನಲ್ಲಿ ಬೀದಿಯಲ್ಲೇ ನಿಂತು ಬರೆದುಕೊಟ್ಟರು. ಸುದ್ದಿ ಲಿಸ್ಬನ್ನಿಗೆ ಮುಟ್ಟಿತ್ತು. ಸ್ಪೇನಿನಲ್ಲಿದ್ದ ಪೋರ್ಚುಗಲ್ ರಾಯಭಾರಿ ತಾವೇ ಗಡಿಗೆ ಬಂದು, ಈ ಮನುಷ್ಯನಿಗೆ ತಲೆ ಸ್ಥಿಮಿತದಲ್ಲಿಲ್ಲ, ಬೋರ್ಡೋ ವೀಸಾಗಳನ್ನು ಒಪ್ಪಬೇಡಿ ಎಂದು ಸ್ಪೇನಿನ ಅಧಿಕಾರಿಗಳಿಗೆ ತಿಳಿಸಿದರು. ಮುಖ್ಯ ಸೇತುವೆ ಮುಚ್ಚಿತು. ಆಗ ಸೋಜಾ ಮೆಂಡಿಸ್ ತಮ್ಮ ಕಾರನ್ನು ಮುಂದೆ ಬಿಟ್ಟು, ಒಂದಷ್ಟು ಜನರನ್ನು ಟೆಲಿಫೋನ್ ಇಲ್ಲದ ಒಂದು ಸಣ್ಣ ಗಡಿಠಾಣೆಯ ಕಡೆಯಿಂದ ದಾಟಿಸಿದರೆಂದು ಕುಟುಂಬದವರು ಹೇಳುತ್ತಾರೆ. ಜೂನ್ 24ರಂದು ಸಲಾಜಾರ್ ಅವರನ್ನು ಹಿಂದಕ್ಕೆ ಕರೆಸುವ ಆಜ್ಞೆ ಹೊರಡಿಸಿದರು. ಆ ತಿಂಗಳು ಮುಗಿಯುವ ಮೊದಲೇ ಜರ್ಮನ್ ಸೈನಿಕರು ಬೋರ್ಡೋದಲ್ಲಿದ್ದರು.

ಜುಲೈ 8ರಂದು ಅವರು ತಾಯ್ನಾಡಿಗೆ ಮರಳಿದರು. ಊರಿನ ದೊಡ್ಡ ಮನೆಯಲ್ಲಿ ಆ ಬೇಸಿಗೆಯಲ್ಲೂ ನಿರಾಶ್ರಿತರೇ ತುಂಬಿದ್ದರು. ಬೆಲ್ಜಿಯಂನ ಒಬ್ಬ ಮಂತ್ರಿಯ ಕುಟುಂಬವೂ ಅಲ್ಲಿ ತಂಗಿತ್ತು. ಅತ್ತ ಲಿಸ್ಬನ್ನಿನಲ್ಲಿ ಶಿಸ್ತಿನ ವಿಚಾರಣೆ ನಡೆಯುತ್ತಿತ್ತು. ಆಗಸ್ಟಿನಲ್ಲಿ ಕೊಟ್ಟ ಉತ್ತರದಲ್ಲಿ ಅವರು ಮಾಡಿದ್ದನ್ನು ಅಲ್ಲಗಳೆಯಲಿಲ್ಲ. ಆ ಜನರ ಸಂಕಟ ವಿವರಿಸಲಾಗದಂಥದ್ದು, ಮೊದಲು ಮನುಷ್ಯರನ್ನು ಉಳಿಸುವುದೇ ತಮ್ಮ ಗುರಿಯಾಗಿತ್ತು ಎಂದು ತಿಳಿಸಿದರು. ವಿಚಾರಣಾ ಮಂಡಳಿ ಕೆಳದರ್ಜೆಗೆ ಇಳಿಸಿದರೆ ಸಾಕೆಂದು ಸಲಹೆಯಿತ್ತಿತು. ಸಲಾಜಾರರಿಗೆ ಅದು ಸಾಲಲಿಲ್ಲ. ಅಕ್ಟೋಬರ್ 30ರಂದು ತೀರ್ಪು ಬಂತು. ಒಂದು ವರ್ಷ ಅರ್ಧ ಸಂಬಳದ ಮೇಲೆ ಕೆಲಸವಿಲ್ಲದೆ ಕೂರುವುದು, ನಂತರ ಕಡ್ಡಾಯ ನಿವೃತ್ತಿ.

ಇಲ್ಲೊಂದು ವಿಚಿತ್ರ. ದಾಟಿ ಬಂದವರನ್ನು ಪೋರ್ಚುಗಲ್ ಹಿಂದಕ್ಕೆ ಅಟ್ಟಲಿಲ್ಲ. ಫಿಗೈರಾ ದ ಫೋಸ್, ಕಾಲ್ಡಾಸ್ ದ ರೈನ್ಯಾ ಮೊದಲಾದ ಊರುಗಳಲ್ಲಿ ಅವರನ್ನು ಇರಿಸಿ, ಅನುಮತಿಯಿಲ್ಲದೆ ಊರು ಬಿಡಬಾರದೆಂದು ವಿಧಿಸಿ, ಪೊಲೀಸರು ಆಗಾಗ ಅವಧಿ ವಿಸ್ತರಿಸುತ್ತ, ಹಡಗು ಸಿಕ್ಕಂತೆ ಕಳಿಸಿಕೊಟ್ಟರು. ಊರಿನ ಸಾಮಾನ್ಯ ಜನ ಅವರನ್ನು ಒಲುಮೆಯಿಂದ ಕಂಡರು. ರಬ್ಬಿ ಕ್ರೂಗರರ ಕುಟುಂಬವೂ ಹೀಗೆಯೇ ಅಮೆರಿಕ ಸೇರಿತು. ಹೊರಗಿನ ಪತ್ರಿಕೆಗಳು ಪೋರ್ಚುಗಲ್ಲಿನ ಆತಿಥ್ಯವನ್ನು ಹೊಗಳಿದವು. ಆ ಹೊಗಳಿಕೆಯನ್ನು ಸರ್ಕಾರ ಸ್ವೀಕರಿಸಿತು, ಬಾಗಿಲು ತೆರೆದವರ ಶಿಕ್ಷೆ ಮಾತ್ರ ಹಾಗೆಯೇ ಉಳಿಯಿತು.

ಆ ಮನೆಯ ಪತನ ನಿಧಾನವಾಗಿ ನಡೆಯಿತು. ಹುದ್ದೆಯಿಲ್ಲ, ಕೈಗೆ ಬರುವ ಅಲ್ಪ ಹಣ ಅಷ್ಟು ದೊಡ್ಡ ಸಂಸಾರಕ್ಕೆ ಯಾವ ಮೂಲೆಗೂ ಸಾಲದು, ಹಳೆಯ ಸಾಲ ಬೆಳೆಯುತ್ತಿತ್ತು. ಸರ್ಕಾರದ ಕೋಪಕ್ಕೆ ಗುರಿಯಾದ ಹೆಸರು ಹೊತ್ತ ಮಕ್ಕಳಿಗೆ ಕೆಲಸ ಸಿಗುವುದು ಕಷ್ಟವಾಯಿತು. ಒಬ್ಬೊಬ್ಬರಾಗಿ ಅಮೆರಿಕ, ಕೆನಡಾ, ಆಫ್ರಿಕಾ ಎಂದು ಚೆದುರಿದರು. ತಂದೆ ಸಾನ್ ಫ್ರಾನ್ಸಿಸ್ಕೊದಲ್ಲಿದ್ದಾಗ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ್ದ ಇಬ್ಬರು ಗಂಡುಮಕ್ಕಳಿಗೆ ಆ ನೆಲದಲ್ಲಿ ಹುಟ್ಟಿದ ಕಾರಣಕ್ಕೇ ಅಮೆರಿಕದ ಪೌರತ್ವವಿತ್ತು. ಯಾವ ಕಾನ್ಸಲರ ಕೃಪೆಯನ್ನೂ ಬೇಡದೆ ಅವರು ಅಲ್ಲಿಗೆ ಹೋಗಿ ಸೇನೆ ಸೇರಿದರು. ಲಿಸ್ಬನ್ನಿನಲ್ಲಿ ಯೆಹೂದ್ಯ ಸಮುದಾಯದವರು ನಿರಾಶ್ರಿತರಿಗಾಗಿ ಒಂದು ಊಟದ ಮನೆ ನಡೆಸುತ್ತಿದ್ದರು. ಸೋಜಾ ಮೆಂಡಿಸ್ ಕುಟುಂಬ ಅಲ್ಲಿಗೆ ಊಟಕ್ಕೆ ಹೋಗುವ ಕಾಲ ಬಂತು. ಪೋರ್ಚುಗೀಸರಂತೆ ಕಾಣುವವರನ್ನು ನೋಡಿ, ಇದು ನಿರಾಶ್ರಿತರಿಗೆ ಮಾತ್ರ ಎಂದು ಯಾರೋ ತಡೆದರಂತೆ. ತಾವೂ ನಿರಾಶ್ರಿತರೇ ಎಂದು ಸೋಜಾ ಮೆಂಡಿಸ್ ಉತ್ತರಿಸಿದರಂತೆ.

1945ರಲ್ಲಿ ಪಾರ್ಶ್ವವಾಯು ಹೊಡೆದು ದೇಹದ ಒಂದು ಭಾಗ ಸೋತಿತು. ಯುದ್ಧ ಮುಗಿದ ಆ ವರ್ಷ ರಾಷ್ಟ್ರೀಯ ಸಭೆಗೆ ಮನವಿ ಬರೆಸಿದರು. ಅದರಲ್ಲಿ ವಕೀಲನ ಬುದ್ಧಿ ಇನ್ನೂ ಹರಿತವಾಗಿದೆ. ಧರ್ಮದ ಕಾರಣಕ್ಕೆ ಯಾರನ್ನೂ ಪೀಡಿಸಬಾರದೆಂದು ದೇಶದ ಸಂವಿಧಾನವೇ ಹೇಳುವಾಗ, ವೀಸಾ ಕೇಳಲು ಬಂದವರ ಧರ್ಮ ವಿಚಾರಿಸಿ ತಿರಸ್ಕರಿಸಬೇಕೆಂಬ ಸುತ್ತೋಲೆಯೇ ಸಂವಿಧಾನಕ್ಕೆ ವಿರುದ್ಧ ಎಂಬುದು ಅವರ ವಾದ. ಕಾನೂನು ಮುರಿದದ್ದು ತಾವಲ್ಲ, ಸುತ್ತೋಲೆ ಎಂದಂತಾಯಿತು. ಮನವಿಯಿಂದ ಏನೂ ಆಗಲಿಲ್ಲ. 1948ರಲ್ಲಿ ಆಂಜೆಲಿನಾ ತೀರಿಕೊಂಡರು.

ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಬೋರ್ಡೋದಲ್ಲಿದ್ದಾಗ ಒಬ್ಬ ಫ್ರೆಂಚ್ ಮಹಿಳೆಯೊಂದಿಗೆ ಅವರಿಗೆ ಸಂಬಂಧ ಬೆಳೆದಿತ್ತು. 1940ರಲ್ಲಿ ಆಕೆಗೆ ಅವರಿಂದ ಒಂದು ಹೆಣ್ಣುಮಗುವೂ ಆಯಿತು. ಆಂಜೆಲಿನಾ ತೀರಿಕೊಂಡ ಮರುವರ್ಷ ಅವರು ಆಕೆಯನ್ನು ಮದುವೆಯಾದರು. ಊರಿನ ಮನೆಯಲ್ಲಿ ಇದರಿಂದ ಆದ ನೋವು ಸಣ್ಣದಲ್ಲ. ಸಾವಿರಾರು ಜನರಿಗೆ ನಿಷ್ಠರಾದವರು ಮನೆಯಲ್ಲಿ ಒಬ್ಬರಿಗೆ ನಿಷ್ಠರಾಗಿರಲಿಲ್ಲ. ಧರ್ಮಸಭೆ ಅವರನ್ನು ಸಂತರೆಂದು ಸಾರಿಲ್ಲ, ನಾವೂ ಹಾಗೆ ಮಾಡುವುದು ಬೇಡ. ಆ ಜೂನ್ ತಿಂಗಳಲ್ಲಿ ಅಡಿಗೆಮನೆಯಲ್ಲಿ ನಿಂತಿದ್ದ ಆಂಜೆಲಿನಾರ ಪಾಲು ಇದರಿಂದ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

1954ರ ಏಪ್ರಿಲ್ 3ರಂದು ಲಿಸ್ಬನ್ನಿನ ಫ್ರಾನ್ಸಿಸ್ಕನ್ ಮೂರನೇ ಸಭೆಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಒಳ್ಳೆಯ ಬಟ್ಟೆ ಇರದ ಕಾರಣ ಫ್ರಾನ್ಸಿಸ್ಕನ್ನರ ನಿಲುವಂಗಿ ತೊಡಿಸಿ ಮಣ್ಣು ಮಾಡಿದರೆಂದು ಹೇಳುತ್ತಾರೆ. ಸಾಲಕ್ಕಾಗಿ ಮನೆಯ ಸಾಮಾನುಗಳೆಲ್ಲ ಹೋದವು, ಮನೆಯೂ ಕೈಬಿಟ್ಟಿತು. ಮಾಡು ಕುಸಿದು ಗೋಡೆ ಮಾತ್ರ ಉಳಿದ ಆ ಮನೆಯ ಎದುರು, ಅವರು ಒಳ್ಳೆಯ ಕಾಲದಲ್ಲಿ ಬೆಲ್ಜಿಯಂನಲ್ಲಿ ಮಾಡಿಸಿ ತಂದು ನಿಲ್ಲಿಸಿದ್ದ ಕ್ರಿಸ್ತರಾಜರ ಪ್ರತಿಮೆ ಹಾಗೆಯೇ ನಿಂತಿತ್ತು.

ಚೆದುರಿಹೋದ ಮಕ್ಕಳು ತಂದೆಯ ಹೆಸರು ಉಳಿಸಲು ದಶಕಗಳ ಕಾಲ ಪತ್ರ ಬರೆದರು. 1966ರಲ್ಲಿ ಇಸ್ರೇಲಿನ ಯಾದ್ ವಾಷೆಮ್ ಸ್ಮಾರಕ ಸಂಸ್ಥೆ ಯೆಹೂದ್ಯರನ್ನು ಉಳಿಸಿದ ಪರಜನಾಂಗದ ನೀತಿವಂತರ ಪಟ್ಟಿಗೆ ಅವರನ್ನು ಸೇರಿಸಿತು. ಪೋರ್ಚುಗಲ್ಲಿನಲ್ಲಿ ಸರ್ವಾಧಿಕಾರ 1974ರಲ್ಲಿ ಬಿದ್ದರೂ, ಅಲ್ಲಿನ ಸಂಸತ್ತು ಅವರನ್ನು ಒಮ್ಮತದಿಂದ ದೋಷಮುಕ್ತಗೊಳಿಸಿ ರಾಯಭಾರಿ ಪದವಿಗೆ ಏರಿಸಿದ್ದು 1988ರಲ್ಲಿ. ಸತ್ತು ಮೂವತ್ತನಾಲ್ಕು ವರ್ಷಗಳ ನಂತರ! ಅವರು ಒಟ್ಟು ಎಷ್ಟು ಜನರನ್ನು ಉಳಿಸಿದರು 30,000 ಎಂಬ ಸಂಖ್ಯೆ ಎಲ್ಲೆಡೆ ಓಡಾಡುತ್ತದೆ. ಯಾದ್ ವಾಷೆಮಿನ ಒಬ್ಬ ಇತಿಹಾಸಕಾರರು ಬೋರ್ಡೋ ಕಚೇರಿಯ ಪುಸ್ತಕವನ್ನೇ ತಿರುವಿ, ಅಲ್ಲಿ ಆ ವರ್ಷದ ಮೊದಲಿಂದ ಜೂನ್ 22ರವರೆಗೆ ದಾಖಲಾದ ವೀಸಾ 2,862 ಮಾತ್ರ ಎಂದು ತೋರಿಸಿದ್ದಾರೆ. ಬರೆಯದೆ ಕೊಟ್ಟವು, ಬಯೋನ್‌ನಲ್ಲಿ, ಬೀದಿಯಲ್ಲಿ ಕೊಟ್ಟವು, ಒಂದೇ ಪಾಸ್‌ಪೋರ್ಟಿನಲ್ಲಿದ್ದ ಹೆಂಡತಿ ಮಕ್ಕಳು ಇವೆಲ್ಲ ಅದಕ್ಕೆ ಸೇರಬೇಕು. ದೊಡ್ಡ ಸಂಖ್ಯೆಯ ಆಸರೆ ಇವರ ಹೆಸರಿಗೆ ಬೇಕಾಗಿಲ್ಲ ಎಂದೇ ನನ್ನ ಎಣಿಕೆ.

ಈ ನಡುವೆ ಜಗತ್ತಿನ ಕಾನೂನು ಬದಲಾಯಿತು. 1948ರ ಮಾನವ ಹಕ್ಕುಗಳ ಘೋಷಣೆ, ಕಿರುಕುಳದಿಂದ ಪಾರಾಗಲು ಬೇರೆ ದೇಶದಲ್ಲಿ ಆಶ್ರಯ ಕೋರುವ ಹಕ್ಕನ್ನು ಒಪ್ಪಿತು. 1951ರ ಜಿನೀವಾ ಒಪ್ಪಂದ ನಿರಾಶ್ರಿತ ಯಾರೆಂದು ವಿವರಿಸಿತು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಇಲ್ಲವೇ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಸಕಾರಣ ಭಯವಿರುವವರು. ಅಂಥವರನ್ನು ಅಪಾಯವಿರುವ ಕಡೆಗೆ ಮರಳಿ ದೂಡಬಾರದು. ಅಪಾಯದಿಂದ ನೇರ ಓಡಿಬಂದವರು ಅನುಮತಿಯಿಲ್ಲದೆ ಗಡಿ ದಾಟಿದ್ದರೂ, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದರೆ ಅದಕ್ಕಾಗಿ ದಂಡಿಸಬಾರದು. ಮೊದಲು ಯುರೋಪಿನ ಹಳೆಯ ಘಟನೆಗಳಿಗೆ ಸೀಮಿತವಾಗಿದ್ದ ಇದು 1967ರಿಂದ ಎಲ್ಲರಿಗೂ ಅನ್ವಯಿಸಿತು. ನಮ್ಮ ಭಾರತ ಇದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕಿದ ದೇಶಗಳಲ್ಲಿ ಅರ್ಜಿದಾರರ ಹೆಸರು ಬರೆದುಕೊಂಡು, ಭಾಷಾಂತರಕಾರರನ್ನು ಇಟ್ಟು ಅವರ ಕಥೆ ಕೇಳಿ, ಪುರಾವೆ ನೋಡಿ, ಒಪ್ಪದಿದ್ದರೆ ಕಾರಣ ಬರೆದು, ಮೇಲ್ಮನವಿಗೆ ಅವಕಾಶ ಕೊಡುವ ಕ್ರಮ ಬೆಳೆದಿದೆ. ಸುತ್ತೋಲೆಯ ಆ ಪಟ್ಟಿಯನ್ನು ತಿರುಗುಮುರುಗು ಮಾಡಿದಂತಿದೆ ಅಲ್ಲವೇ?

ಆದರೆ ಗಮನಿಸಿ, ಇದೆಲ್ಲ ಆ ದೇಶದ ನೆಲವನ್ನೋ ಗಡಿಯನ್ನೋ ಮುಟ್ಟಿದವರಿಗೆ. ಮುಟ್ಟುವುದು ಹೇಗೆ? ವೀಸಾ ಇಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೆ ದಂಡ. ಹೊರದೇಶದ ರಾಯಭಾರ ಕಚೇರಿಯಲ್ಲಿ ಆಶ್ರಯಕ್ಕಾಗಿ ವೀಸಾ ಕೊಡಲೇಬೇಕೆಂದು ಆ ಒಪ್ಪಂದ ಎಲ್ಲೂ ಹೇಳುವುದಿಲ್ಲ. 2016ರ ಅಕ್ಟೋಬರಿನಲ್ಲಿ ಸಿರಿಯದ ಅಲೆಪ್ಪೊ ನಗರದ ಒಂದು ಆರ್ಥೊಡಾಕ್ಸ್ ಕ್ರೈಸ್ತ ಕುಟುಂಬ, ಗಂಡ ಹೆಂಡತಿ ಮತ್ತು ಮೂರು ಚಿಕ್ಕ ಮಕ್ಕಳು, ಲೆಬನಾನಿನ ಬೇರೂತಿನಲ್ಲಿರುವ ಬೆಲ್ಜಿಯಂ ರಾಯಭಾರ ಕಚೇರಿಗೆ ಹೋಗಿ ವೀಸಾ ಕೇಳಿತು. ಬೆಲ್ಜಿಯಂಗೆ ಹೋಗಿ ಆಶ್ರಯ ಕೋರುವುದೇ ತಮ್ಮ ಉದ್ದೇಶವೆಂದು ಮುಚ್ಚುಮರೆಯಿಲ್ಲದೆ ಹೇಳಿತು. ಬೆಲ್ಜಿಯಂ ನಿರಾಕರಿಸಿತು. 2017ರ ಮಾರ್ಚ್ 7ರಂದು ಯುರೋಪಿನ ಉನ್ನತ ನ್ಯಾಯಾಲಯವು, ಇಂಥ ವೀಸಾ ಕೊಡಬೇಕೆಂಬ ಕಟ್ಟುಪಾಡು ಯುರೋಪ್ ಒಕ್ಕೂಟದ ಕಾನೂನಿನಲ್ಲಿಲ್ಲ, ಕೊಡುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು ಎಂದು ತೀರ್ಪಿತ್ತಿತು. ಗಡಿಯಲ್ಲಿ ನಿಂತ ಪೊಲೀಸನಿಗೆ ಇಂದು ಕಾನೂನಿದೆ. ಸೋಜಾ ಮೆಂಡಿಸ್ ಕುಳಿತಿದ್ದ ಆ ಕಿಟಕಿಗೆ ಇನ್ನೂ ಇಲ್ಲ.

2020ರ ಜೂನ್ 17ರಂದು, ಅವರು ಕಚೇರಿಯ ಬಾಗಿಲು ತೆರೆದ ದಿನಕ್ಕೆ ಸರಿಯಾಗಿ ಎಂಬತ್ತು ವರ್ಷ ತುಂಬಿದಾಗ, ಪೋಪ್ ಫ್ರಾನ್ಸಿಸ್ ತಮ್ಮ ಬುಧವಾರದ ಸಭೆಯಲ್ಲಿ ಈ ಪೋರ್ಚುಗೀಸ್ ರಾಯತಾಂತ್ರಿಕರ ಸಾಕ್ಷ್ಯವನ್ನು ಸ್ಮರಿಸಿ ಮನಸ್ಸಾಕ್ಷಿಯ ದಿನದ ಬಗ್ಗೆ ಮಾತನಾಡಿದರು. 2021ರ ಅಕ್ಟೋಬರ್ 19ರಂದು ಲಿಸ್ಬನ್ನಿನ ರಾಷ್ಟ್ರೀಯ ಸ್ಮಾರಕ ಮಂದಿರದಲ್ಲಿ ಅವರ ಹೆಸರಿನ ಫಲಕವನ್ನು ಇರಿಸಲಾಯಿತು. ಊರಿನ ಪಾಳುಮನೆಯನ್ನು ಸರ್ಕಾರ ದುರಸ್ತಿ ಮಾಡಿಸಿ, ಅವರ ಹುಟ್ಟುಹಬ್ಬದಂದು, 2024ರ ಜುಲೈ 19ರಂದು, ವಸ್ತುಸಂಗ್ರಹಾಲಯವಾಗಿ ತೆರೆಯಿತು. ಲಿಸ್ಬನ್ನಿನಲ್ಲಿ ಇರುವುದು ಹೆಸರು ಮಾತ್ರ. ಅವರ ಅಸ್ಥಿಗಳು ಕಬಾನಸ್ ದ ವಿರಿಯಾತೊದ ಕುಟುಂಬದ ಸಮಾಧಿಯಲ್ಲೇ ಇವೆ.